ಹೊಳೆ ಪಾಠದ ಬಸ್ಸು: ಶಾಲೆಗೆ ಕರೆಸುವ ಮುನ್ನ

ಹೊಳೆ, ಜಲಾನಯನ ಪ್ರದೇಶ, ಮಳೆನೀರಿನ ದಾರಿ ಇವನ್ನೆಲ್ಲ ಹೇಳಿಕೊಡುವ ಸಂಚಾರಿ ತರಗತಿಯೊಂದು ಕೊಡಗಿನ ಶಾಲೆಗಳಿಗೆ ಬರುತ್ತಿದೆ. ಸೀಟು ಕಿತ್ತ ಮಿನಿ ಬಸ್ಸು, ಒಳಗೆ ಮೂರು ಮೇಜು, ಇಬ್ಬರು ಬೋಧಕರು, ಪಂಪು ಬ್ಯಾಟರಿ ನೋಡಿಕೊಳ್ಳುವ ಚಾಲಕ. ಆರರಿಂದ ಹತ್ತನೇ ತರಗತಿಯ ಮಕ್ಕಳಿಗೆ ಮೂರು ಗಂಟೆಯ ಪಾಠ. ಕರೆಸಬಹುದೇ ಎಂದರೆ, ಧಾರಾಳವಾಗಿ ಕರೆಸಬಹುದು. ಆದರೆ ಎರಡು ಷರತ್ತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ, ಮತ್ತು ಮೂರು ಗಂಟೆಯಲ್ಲಿ ಅರ್ಧವನ್ನಾದರೂ ಶಾಲೆಯ ಪಕ್ಕದ ತೋಡಿನಲ್ಲಿ (ಸಣ್ಣ ಹಳ್ಳದಲ್ಲಿ) ಕಳೆಯಲು ಬೋಧಕರು ಒಪ್ಪಬೇಕು. ಬಸ್ಸಿನೊಳಗಿನ ಪಾಠ ಚೆನ್ನಾಗಿಯೇ ಇದೆ. ಅಷ್ಟಕ್ಕೇ ನಿಂತರೆ ಮಾತ್ರ ಮಕ್ಕಳು ಮೇಜಿನ ಹೊಳೆಯನ್ನು ಕಲಿತು, ದಿನಾ ದಾಟುವ ತೋಡನ್ನು ತಿರುಗಿಯೂ ನೋಡದೆ ಮನೆಗೆ ಹೋಗುತ್ತಾರೆ.

ಶಾಲೆಯವರು ಕೊಡಬೇಕಾದ್ದು ಹೆಚ್ಚೇನಿಲ್ಲ. ಬಸ್ಸು ಸಮತಟ್ಟಾಗಿ ನಿಲ್ಲುವಷ್ಟು ಜಾಗ, ಸುಮಾರು ನೂರು ಲೀಟರ್ ನೀರು, ಜೊತೆಗೆ ಇಬ್ಬರು ಶಿಕ್ಷಕರು. ಕರೆಂಟು ಬೇಡ, ಪಂಪು 12 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ. ಒಂದು ತಂಡಕ್ಕೆ ಮೂವತ್ತು ಮಕ್ಕಳು ಎನ್ನುತ್ತಾರೆ. ಮೂರು ಮೇಜಿಗೆ ಹತ್ತು ಹತ್ತು ಮಂದಿ ಹಂಚಿದರೆ ಹಿಂದೆ ನಿಂತವರಿಗೆ ಏನೂ ಕಾಣದು. ಇಪ್ಪತ್ತನಾಲ್ಕಕ್ಕೆ ನಿಲ್ಲಿಸುವುದು ಒಳ್ಳೆಯದು.

ಇಡೀ ಬಸ್ಸಿನಲ್ಲಿ ನಿಜಕ್ಕೂ ಬೆಲೆಬಾಳುವುದು ಹೊಳೆ ಮೇಜು. ಆರಡಿ ಉದ್ದ, ಎರಡೂವರೆ ಅಡಿ ಅಗಲದ ಅಲ್ಯೂಮಿನಿಯಂ ತಟ್ಟೆಯಲ್ಲಿ ಮೂರು ಇಂಚು ಮರಳು. ಮೇಲ್ತುದಿಯಲ್ಲಿ ನೀರಿನ ಕೊಳವೆ, ಕೆಳತುದಿಯಲ್ಲಿ ತೂತು, ಅದರಡಿ ಬಕೆಟ್, ಬಕೆಟ್‌ನಿಂದ ನೀರನ್ನು ಮತ್ತೆ ಮೇಲೆತ್ತುವ ಪಂಪು. ಮೇಲ್ತುದಿಯ ಕಾಲಿನಡಿ ಎರಡು ಇಂಚಿನ ಮರದ ಆಪು ಇಟ್ಟರೆ ನೂರಕ್ಕೆ ಮೂರರಷ್ಟು ಇಳಿಜಾರು ಸಿಗುತ್ತದೆ, ಅಷ್ಟು ಸಾಕು. ಇಳಿಜಾರು ಹೆಚ್ಚಾದರೆ ನೀರು ನೆಟ್ಟಗೆ ಸೀಳಿಕೊಂಡು ಹೋಗುತ್ತದೆ, ತಿರುವು ಹುಟ್ಟುವುದೇ ಇಲ್ಲ. ಮಕ್ಕಳ ಮುಂದೆ ಬೇಗ ಫಲಿತಾಂಶ ತೋರಿಸುವ ಆತುರದಲ್ಲಿ ಬೋಧಕರು ಎಡವುವುದು ಇಲ್ಲೇ: ಆಪಿನ ಮೇಲೆ ಆಪು ಇಡುತ್ತಾರೆ, ನಲ್ಲಿ ಪೂರ್ತಿ ತಿರುಗಿಸುತ್ತಾರೆ. ಮರಳು ಪೂರ್ತಿ ನೆನೆಯುವವರೆಗೆ ಹತ್ತು ನಿಮಿಷ ಸಣ್ಣ ಧಾರೆ ಬಿಡಬೇಕು. ಒಣಮರಳಿನ ಮೇಲೆ ನೀರು ಬಿಟ್ಟರೆ ಅದು ಒಳಗಿಳಿದು ಮಾಯವಾಗುತ್ತದೆ, ಇಲ್ಲವೇ ಒಂದೇ ಕಡೆ ಗುಂಡಿ ತೋಡುತ್ತದೆ.

ಸರಿಯಾಗಿ ಹೊಂದಿಸಿದ ಮೇಜಿನ ಮುಂದೆ ಕಾಲು ಗಂಟೆ ನಿಂತರೆ ಸಾಕು. ಬೆರಳಲ್ಲಿ ಗೀರಿದ ಸಣ್ಣ ಡೊಂಕು ತಾನಾಗಿ ದೊಡ್ಡದಾಗುತ್ತಾ ಹೋಗುತ್ತದೆ. ತಿರುವಿನ ಹೊರದಂಡೆಯಲ್ಲಿ ನೀರು ರಭಸವಾಗಿ ಬಡಿದು, ಮೊದಲು ಬುಡದ ಮರಳು ಜಾರುತ್ತದೆ. ಮೇಲಿನ ಪದರ ಕ್ಷಣಹೊತ್ತು ಗಾಳಿಯಲ್ಲಿ ನಿಂತಂತಿದ್ದು ದೊಪ್ಪನೆ ಬೀಳುತ್ತದೆ. ಹಾಗೆ ಬಿದ್ದ ಮರಳು ಕೆಳಗಿನ ತಿರುವಿನ ಒಳದಂಡೆಗೆ ಹೋಗಿ ಕೂರುತ್ತದೆ. ಹೊರದಂಡೆಯಲ್ಲಿ ಪುಟ್ಟ ಮರದ ಮನೆಗಳನ್ನು ಇಡಲು ಹೇಳಿ, ಯಾವುದು ಮೊದಲು ಬೀಳುತ್ತದೆಂದು ಮಕ್ಕಳ ಕೈಲೇ ಊಹೆ ಬರೆಸುತ್ತಾರೆ. ಕರಡಿಗೋಡು, ನೆಲ್ಯಹುದಿಕೇರಿ, ಗುಹ್ಯ ಕಡೆಯ ಮಕ್ಕಳಿಗೆ ಇದು ಆಟ ಮಾತ್ರವಲ್ಲ. 2018, 2019ರ ಆಗಸ್ಟ್‌ಗಳಲ್ಲಿ ಕಾವೇರಿ ದಂಡೆಯ ಮನೆಗಳಿಗೆ ನುಗ್ಗಿದ ನೀರು ಆ ಊರುಗಳ ನೆನಪಿನಲ್ಲಿದೆ. ಇಲ್ಲಿ ಬೋಧಕರು ದನಿ ತಗ್ಗಿಸಿ, ಮನೆ ಕಳೆದುಕೊಂಡ ಕುಟುಂಬದ ಮಗು ಗುಂಪಿನಲ್ಲಿ ಇರಬಹುದೆಂಬ ಎಚ್ಚರದಿಂದ ಮಾತಾಡುತ್ತಾರೆ. ಮೆಚ್ಚತಕ್ಕದ್ದು.

ತಡೆಗೋಡೆಯ ಪ್ರಯೋಗ ಇನ್ನೂ ಚೆನ್ನಾಗಿದೆ. ಕೊರೆಯುತ್ತಿರುವ ದಂಡೆಗೆ ಪ್ಲಾಸ್ಟಿಕ್ ಪಟ್ಟಿ ಒತ್ತಿದರೆ ಅಲ್ಲಿ ಕೊರೆತ ನಿಲ್ಲುತ್ತದೆ, ಪಟ್ಟಿ ಮುಗಿದ ಕಡೆ ಎರಡರಷ್ಟು ಜೋರಾಗಿ ಶುರುವಾಗುತ್ತದೆ. ಆಮೇಲೆ ಸೇತುವೆಯ ಕಂಬಗಳ ನಡುವೆ ಕಡ್ಡಿ ಸಿಕ್ಕಿಸಿ, ಮೇಲ್ಗಡೆ ನೀರು ಏರುವುದನ್ನು ಅಳೆಯುತ್ತಾರೆ. ಮಳೆಗಾಲದಲ್ಲಿ ದಿಮ್ಮಿ, ಬಿದಿರು ಬಂದು ಸೇತುವೆಗೆ ಅಡ್ಡ ಸಿಕ್ಕಿಕೊಳ್ಳುವುದನ್ನು ನೋಡಿದ ಯಾರಿಗೂ ಬೇರೆ ವಿವರಣೆ ಬೇಕಿಲ್ಲ.

ಆದರೆ ಇದೇ ಮೇಜಿನಲ್ಲಿ ಗುಡ್ಡ ಕುಸಿತವನ್ನೂ ತೋರಿಸಲು ಹೋಗುತ್ತಾರೆ. ಅದು ತಪ್ಪು ಪಾಠ. ಮೇಜಿನ ಮೇಲೆ ನಡೆಯುವುದು ಹರಿಯುವ ನೀರು ಮೇಲ್ಮಣ್ಣನ್ನು ಕೊಚ್ಚುವ ಕೆಲಸ. 2018ರಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಕಡೆ, ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಆದದ್ದು ಬೇರೆ. ದಿನಗಟ್ಟಲೆ ಬಿದ್ದ ಮಳೆ ಮಣ್ಣಿನೊಳಗೆ ಇಳಿಯಿತು, ಕಣಗಳ ನಡುವಿನ ಜಾಗವೆಲ್ಲ ನೀರಿನಿಂದ ತುಂಬಿ ಒಳಗಿನ ಒತ್ತಡ ಏರಿತು, ಮಣ್ಣಿನ ಹಿಡಿತ ಸಡಿಲವಾಗಿ ಇಡೀ ಇಳಿಜಾರು ಒಟ್ಟಿಗೆ ಜಾರಿತು. ರಸ್ತೆಗೋ ಮನೆಗೋ ಬರೆ (ಗುಡ್ಡದ ಬದಿ) ಕಡಿದು ಬುಡ ಖಾಲಿ ಮಾಡಿದ್ದರೆ ಜಾರುವುದು ಇನ್ನೂ ಸುಲಭ. ಇದನ್ನು ತೋರಿಸಲು ಬೇರೆ ತಟ್ಟೆ ಬೇಕು: ಕೆಳಗೆ ಓರೆಯಾಗಿ ಒತ್ತಿದ ಜೇಡಿಮಣ್ಣಿನ ಪದರ, ಅದರ ಮೇಲೆ ನಾಲ್ಕು ಇಂಚು ತೋಟದ ಮಣ್ಣು, ಎರಡರ ನಡುವೆ ತೂತು ಕೊರೆದ ಸಣ್ಣ ಕೊಳವೆ. ಕೊಳವೆಯಲ್ಲಿ ನಿಧಾನವಾಗಿ ನೀರು ಬಿಟ್ಟರೆ ಮೇಲೆ ಒಂದು ಹನಿ ಹರಿಯದೆಯೂ ಮಣ್ಣು ಬಿರಿದು ಜಾರುತ್ತದೆ. ಬಸ್ಸಿನಲ್ಲಿ ಈ ತಟ್ಟೆ ಇಲ್ಲ. ಕೊಡಗಿಗೆ ಬರುವ ಬಸ್ಸಿನಲ್ಲಿ ಇದಿರಲೇಬೇಕಿತ್ತು.

ಎರಡನೇ ಮೇಜಿನ ಮೇಲೆ ಜಿಲ್ಲೆಯ ಉಬ್ಬು ಭೂಪಟ. ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿ, ಹನಿ ಯಾವ ಕಡೆಗೆ ಇಳಿಯುತ್ತದೆ ನೋಡಬೇಕು. ಕಾವೇರಿಯ ಜಿಲ್ಲೆ ಎಂದೇ ಕೇಳಿ ಬೆಳೆದವರಿಗೆ ಇಲ್ಲಿ ಬಿದ್ದ ಮಳೆಯೆಲ್ಲ ಕಾವೇರಿಗೆ ಹೋಗುವುದಿಲ್ಲ ಎಂಬುದೇ ಹೊಸ ಸಂಗತಿ. ಸಂಪಾಜೆ ಘಾಟಿಯ ನೀರು ಪಯಸ್ವಿನಿ ಸೇರಿ ಕಾಸರಗೋಡಿನ ಬಳಿ ಅರಬ್ಬಿ ಸಮುದ್ರಕ್ಕೆ. ವಿರಾಜಪೇಟೆ ಕಡೆಯ ಬರಪೊಳೆ ಕೇರಳಕ್ಕಿಳಿದು ವಳಪಟ್ಟಣಂ ನದಿಗೆ. ಪುಷ್ಪಗಿರಿ ಕಡೆಯಿಂದ ಬರುವ ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ ಸಿಗುತ್ತದೆ. ಇರ್ಪುವಿನ ಲಕ್ಷ್ಮಣತೀರ್ಥವೂ ಕಾವೇರಿಯ ಪಾಲೇ, ಆದರೆ ಹುಣಸೂರು ಸುತ್ತಿ ಕೃಷ್ಣರಾಜಸಾಗರದ ಹಿನ್ನೀರಿಗೆ ಹೋಗಿ. ದಿಣ್ಣೆಯ ಗೆರೆಯ ಮೇಲೆ ದಾರ ಅಂಟಿಸಿ, ದಾರದ ಆಚೆ ಈಚೆ ಹನಿ ಬಿಟ್ಟು ನೋಡುವ ಚಟುವಟಿಕೆ ಆರನೇ ತರಗತಿಗೂ ಅರ್ಥವಾಗುತ್ತದೆ.

ಭೂಪಟದ ದೋಷ ಎಂದರೆ ಅದನ್ನು ಜಿಲ್ಲೆಯ ಗಡಿಗೆ ಸರಿಯಾಗಿ ಕತ್ತರಿಸಿದ್ದಾರೆ. ಲಕ್ಷ್ಮಣತೀರ್ಥ ಮೇಜಿನ ಅಂಚಿಗೆ ಬಂದು ನೆಲಕ್ಕೆ ತೊಟ್ಟಿಕ್ಕುತ್ತದೆ, ಪಯಸ್ವಿನಿ ಶುರುವಾಗುವುದರೊಳಗೆ ಮುಗಿಯುತ್ತದೆ. ಎತ್ತರವನ್ನು ಅಗಲಕ್ಕಿಂತ ಎಷ್ಟು ಪಟ್ಟು ಹಿಗ್ಗಿಸಿದ್ದಾರೆ ಎಂದೂ ಬರೆದಿಲ್ಲ. 1,276 ಮೀಟರ್ ಎತ್ತರದ ತಲಕಾವೇರಿ ಅದರಲ್ಲಿ ಹಿಮಾಲಯದ ಹಾಗೆ ಕಾಣುತ್ತದೆ.

ಇದಾದ ಮೇಲೆ ಕೊಡುವ ಸರ್ವೆ ನಕ್ಷೆಯ ಅಭ್ಯಾಸ ಎಂಟನೇ ತರಗತಿಗಿಂತ ಕೆಳಗೆ ಬೇಡ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ಹಾಳೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೊಮೀಟರ್, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂದು ಬಣ್ಣದ ಪ್ರತಿ ಸಮೋನ್ನತ ಗೆರೆಗೂ ಇಪ್ಪತ್ತು ಮೀಟರ್ ಏರಿಕೆ. ಮೊದಲು ಶಾಲೆಯನ್ನು ಗುರುತಿಸಬೇಕು, ಆಮೇಲೆ ಹತ್ತಿರದ ನೀಲಿ ಗೆರೆ. ಆ ನೀಲಿ ಗೆರೆ ದೊಡ್ಡ ಹೊಳೆ ಸೇರುವ ಜಾಗದಲ್ಲಿ ಚುಕ್ಕೆ ಇಟ್ಟು, ಎರಡೂ ಕಡೆಯಿಂದ ದಿಣ್ಣೆಯ ನೆತ್ತಿ ಹಿಡಿದು ಮೇಲೇರುತ್ತಾ ಎಳೆದ ಗೆರೆಗಳು ತೋಡಿನ ತಲೆಯ ಮೇಲೆ ಕೂಡಬೇಕು. ಆ ಆವರಣವೇ ತೋಡಿನ ಜಲಾನಯನ. ಮಕ್ಕಳೆಲ್ಲ ಮಾಡುವ ತಪ್ಪು ಒಂದೇ: ಸಮೋನ್ನತ ಗೆರೆ ಬಾಗಿದ ಕಡೆ ಅದು ಕೊಲ್ಲಿಯೋ (ನೀರಿಳಿಯುವ ಕಣಿವೆ) ದಿಣ್ಣೆಯೋ ಗೊತ್ತಾಗದೆ ನೀಲಿ ಗೆರೆಯನ್ನೇ ದಾಟಿಬಿಡುತ್ತಾರೆ. ಗೆರೆಯ ಮೂತಿ ಎತ್ತರದ ಕಡೆಗೆ ಚಾಚಿದ್ದರೆ ಕೊಲ್ಲಿ, ತಗ್ಗಿನ ಕಡೆಗೆ ಚಾಚಿದ್ದರೆ ದಿಣ್ಣೆ. ಎಳೆದ ಗೆರೆ ಎಲ್ಲಾದರೂ ನೀರನ್ನು ದಾಟಿದರೆ ಅಲ್ಲಿ ತಪ್ಪಿದೆ ಎಂದರ್ಥ. ಕೊನೆಯ ಸಂಗಮದಲ್ಲಿ ಮಾತ್ರ ದಾಟಬಹುದು. ಬೋಧಕರು ಇದಕ್ಕೆ ಇಪ್ಪತ್ತು ನಿಮಿಷ ಕೊಡುತ್ತಾರೆ, ಬೇಕಾಗುವುದು ನಲವತ್ತು. ಹಾಳೆಯನ್ನು ಮೊದಲೇ ತರಿಸಿಕೊಂಡು ಶಾಲೆಯಲ್ಲೇ ಹಿಂದಿನ ದಿನ ಮಾಡಿಸಿಟ್ಟರೆ ಬಸ್ಸಿನ ಸಮಯ ಉಳಿಯುತ್ತದೆ.

ಮಳೆ ಅಳೆಯುವ ಪಾಠದಲ್ಲಿ ಬಸ್ಸಿನವರು ಮಿಲಿಮೀಟರ್ ಬಿಟ್ಟು ಕದಲುವುದಿಲ್ಲ. ಇಲ್ಲಿ ಕಾಫಿ ತೋಟದ ಪುಸ್ತಕಗಳಲ್ಲಿ ತಲೆಮಾರುಗಳಿಂದ ಮಳೆ ಬರೆದಿರುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಮಗು ಮನೆಯಲ್ಲಿ ಕೇಳುವ ಲೆಕ್ಕಕ್ಕೂ ಪಾಠದ ಲೆಕ್ಕಕ್ಕೂ ಸೇತುವೆ ಹಾಕಲು ಒಂದು ಗುಣಾಕಾರ ಸಾಕು, ಶಿಕ್ಷಕರೇ ಹಾಕಿಸಬೇಕು. ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಹಾಗೆ ನೋಡಿದರೆ ಒಂದು ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು. ಭಾಗಮಂಡಲದ ಕಡೆ ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು) ಒಂದೇ ದಿನ ಎಷ್ಟೋ ಇಂಚು ಸುರಿಯುವುದುಂಟು, ಕುಶಾಲನಗರದ ಕಡೆಯ ವರ್ಷದ ಮಳೆ ಭಾಗಮಂಡಲದ ವರ್ಷದ ಮಳೆಯ ಸಣ್ಣ ಪಾಲು. ಎರಡೂ ಕಡೆಯ ತೋಟಗಳಿಂದ ಒಂದು ವರ್ಷದ ಮಳೆ ಪುಸ್ತಕ ಕೇಳಿ ತಂದು ಗ್ರಾಫ್ ಹಾಕಿಸಿದರೆ ಬಸ್ಸಿನ ಯಾವ ಚಿತ್ರಪಟಕ್ಕಿಂತಲೂ ಅದು ಮೇಲು.

ಬಸ್ಸಿನವರು ಮಾಡಿಸುವ ಬಾಟಲಿ ಮಳೆಮಾಪಕದಲ್ಲೂ ಇಲ್ಲಿಗೆ ಹೊಂದದ ಒಂದು ಅಂಶವಿದೆ. ಎರಡು ಲೀಟರಿನ ಬಾಟಲಿಯ ಕತ್ತು ಕತ್ತರಿಸಿ ಆಲಿಕೆಯಂತೆ ತಲೆಕೆಳಗಾಗಿ ಕೂರಿಸುತ್ತಾರೆ. ಆಲಿಕೆಯ ತುದಿ ಒಳಗಿಳಿದು, ಉಬ್ಬುತಗ್ಗಿನ ತಳವೂ ಹೋದರೆ ಅಳೆಯಲು ಉಳಿಯುವುದು ಕೆಲವೇ ಇಂಚು. 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರಿ ಮಳೆ. ಅಂಥ ದಿನ ಬಾಟಲಿ ಉಕ್ಕಿ ಹೋಗುತ್ತದೆ. ತಳಕ್ಕೆ ಸಣ್ಣ ಕಲ್ಲು ಹಾಕಿ, ಸೊನ್ನೆ ಗೆರೆಯವರೆಗೆ ನೀರು ತುಂಬಿ, ಬೆಳಿಗ್ಗೆ 8.30ಕ್ಕೂ ಸಂಜೆಗೂ ಎರಡು ಸಲ ಓದಿ ಕೂಡಿಸಬೇಕು. ಸಿಲ್ವರ್ ಓಕ್ ಮರದಡಿ ಇಟ್ಟರೆ ಲೆಕ್ಕವೇ ಸುಳ್ಳು.

ಇನ್ನು ನೀರು ಇಂಗುವ ಪರೀಕ್ಷೆ. ಆರು ಇಂಚು ವ್ಯಾಸದ ಪಿವಿಸಿ ಪೈಪಿನ ತುಂಡನ್ನು ಮೂರು ಇಂಚು ಮಣ್ಣಿಗೆ ಹೊಡೆದು, ಒಳಗೆ 444 ಮಿಲಿಲೀಟರ್ ನೀರು ಸುರಿದು ಸಮಯ ನೋಡುವುದು. ಆ ವ್ಯಾಸಕ್ಕೆ 444 ಮಿಲಿಲೀಟರ್ ಎಂದರೆ ಹೆಚ್ಚುಕಡಿಮೆ ಒಂದು ಇಂಚು ಮಳೆ. ದೇವರಕಾಡಿನ ಅಂಚು, ನೆರಳಿನ ಕಾಫಿ ತೋಟ, ಶಾಲೆಯ ಆಟದ ಮೈದಾನ ಮೂರರಲ್ಲೂ ಮಾಡಿಸಿದರೆ ವ್ಯತ್ಯಾಸಕ್ಕೆ ಮಾತೇ ಬೇಕಿಲ್ಲ. ಮೊದಲ ಸಲದ ಸಮಯವನ್ನು ಬರೆಯಬಾರದು, ಒಣಮಣ್ಣು ಗಟಗಟ ಕುಡಿದುಬಿಡುತ್ತದೆ. ಎರಡನೇ ಇಂಚಿನ ಸಮಯವೇ ಲೆಕ್ಕಕ್ಕೆ. ಪೈಪು ಓರೆಯಾಗಿ ಇಳಿದರೆ ಅಂಚಿನಿಂದ ಸೋರುತ್ತದೆ. ಕಾಫಿ ಸಾಲುಗಳ ನಡುವೆ ಮಳೆನೀರು ಹಿಡಿದು ಇಂಗಿಸುವ ತೊಟ್ಟಿಲು ಗುಂಡಿ ಏಕೆ ತೆಗೆಯುತ್ತಾರೆ ಎಂಬ ಪ್ರಶ್ನೆ ಇಲ್ಲಿ ತಾನಾಗಿ ಬರುತ್ತದೆ, ಆದರೆ ಬಸ್ಸಿನ ಕೈಪಿಡಿಯಲ್ಲಿ ಗುಂಡಿಯ ಸುದ್ದಿಯೇ ಇಲ್ಲ.

ಮೂರನೇ ಮೇಜು ನೀರಿನ ಪರೀಕ್ಷೆಯದು, ಅದೇ ಎಲ್ಲಕ್ಕಿಂತ ಸಪ್ಪೆ. ನೀರಿನ ಆಮ್ಲೀಯತೆ ತೋರಿಸುವ ಪಿಎಚ್ ಪಟ್ಟಿ ಅದ್ದಿ ಬಣ್ಣ ಹೋಲಿಸುವುದು ಬಿಟ್ಟರೆ ಹೆಚ್ಚಿಲ್ಲ. ಪಟ್ಟಿಯ ಡಬ್ಬಿಗೆ ಇಲ್ಲಿನ ತೇವ ತಗುಲಿದರೆ ಬಣ್ಣ ನಂಬುವಂತಿಲ್ಲ. ಶುದ್ಧ ತೋಡಿನಲ್ಲಿ ಏಳರ ಆಸುಪಾಸು ಬಂದದ್ದನ್ನೇ ಮೂವತ್ತು ಮಂದಿ ಬರೆದುಕೊಳ್ಳುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿ ನಡುವೆ ಬಂದು, ಪಲ್ಪಿಂಗ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ) ನೀರು ಸೇರುವ ಜಾಗದ ಮೇಲೆ ಒಂದು, ಕೆಳಗೆ ಒಂದು ಮಾದರಿ ತೆಗೆದರೆ ಪಾಠಕ್ಕೆ ಜೀವ ಬರುತ್ತದೆ. ಕಾಫಿ ಹಣ್ಣಿನ ಲೋಳೆ ತೊಳೆದ ನೀರು ಹುಳಿಯುತ್ತದೆ. ಅದರಲ್ಲಿನ ಸಕ್ಕರೆ ಕೊಳೆಯುವಾಗ ಹೊಳೆಯ ಆಮ್ಲಜನಕವೆಲ್ಲ ಖರ್ಚಾಗುತ್ತದೆ, ಮೀನು ಸಾಯುತ್ತದೆ. ಕರಗಿದ ಆಮ್ಲಜನಕ ಅಳೆಯುವ ಕಿಟ್ ಬಸ್ಸಿನ ಕಪಾಟಿನಲ್ಲೇ ಇದೆ, ಸಮಯವಿಲ್ಲವೆಂದು ತೆಗೆಯುವುದಿಲ್ಲ. ಕೇಳಿ ತೆಗೆಸಿ.

ಕುಡಿಯುವ ನೀರಿಗೆಂದು ಕೊಡುವ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಮಾತ್ರ ಒಳ್ಳೆಯ ವಸ್ತು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದವರು 1982ರಲ್ಲಿ ಪ್ರಕಟಿಸಿದ ವಿಧಾನ. ಗೆರೆಯವರೆಗೆ, ಸಾಮಾನ್ಯವಾಗಿ 20 ಮಿಲಿಲೀಟರ್, ನೀರು ತುಂಬಿ ಮುಚ್ಚಿಟ್ಟರೆ, ಮಲದ ಸೋಂಕಿರುವ ನೀರು 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತದೆ. ತೊಂದರೆ ಏನೆಂದರೆ ಕಪ್ಪಾಗುವ ಹೊತ್ತಿಗೆ ಬಸ್ಸು ಬೇರೆ ಊರಿನಲ್ಲಿರುತ್ತದೆ. ಮೇಲಾಗಿ ಆ ಸಮಯ 30 ಡಿಗ್ರಿ ಆಸುಪಾಸಿನ ಸೆಕೆಗೆ ಹೇಳಿದ್ದು. ಮಡಿಕೇರಿಯ ಚಳಿಯಲ್ಲಿ ಕಿಟಕಿಯ ಮೇಲಿಟ್ಟ ಬಾಟಲಿ ಎರಡು ದಿನಕ್ಕೂ ಬಣ್ಣ ಬದಲಿಸದಿದ್ದರೆ ನೀರು ಶುದ್ಧ ಎನ್ನಲಾಗದು. ಬಟ್ಟೆ ಸುತ್ತಿ ಬಿಸಿಯೂಟದ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ, ಊಟದ ಸಾಮಾನಿನಿಂದ ದೂರ, ಮೂರು ದಿನ ಇಡಿ. ಜೊತೆಗೆ ಕುದಿಸಿ ಆರಿಸಿದ ನೀರಿನದೊಂದು ಬಾಟಲಿ ಹೋಲಿಕೆಗೆ. ಕಪ್ಪಾದದ್ದನ್ನು ಮಕ್ಕಳು ತೆರೆಯಬಾರದು. ಶಿಕ್ಷಕರೇ ಬ್ಲೀಚಿಂಗ್ ಪೌಡರ್ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಬೇಕು.

ಇಷ್ಟರ ನಂತರ ತೋಡಿಗೆ ಇಳಿಯುವುದು. ಬಸ್ಸಿನವರು ಇದನ್ನು ‘ಸಮಯವಿದ್ದರೆ’ ಎಂಬ ಪಟ್ಟಿಯಲ್ಲಿ ಇಟ್ಟಿದ್ದಾರೆ, ನಾವು ಮೊದಲನೆಯದಾಗಿ ಇಡುತ್ತಿದ್ದೆವು. ಹರಿವು ಅಳೆಯಲು ಟೇಪು, ವಾಚು, ಒಂದು ಕಿತ್ತಳೆ ಸಾಕು. ಕಿತ್ತಳೆ ಹೆಚ್ಚುಪಾಲು ಮುಳುಗಿ ತೇಲುವುದರಿಂದ ಗಾಳಿಗೆ ಹಾರುವುದಿಲ್ಲ, ಬಣ್ಣಕ್ಕೆ ದೂರದಿಂದಲೂ ಕಾಣುತ್ತದೆ. ನೇರವಾಗಿರುವ ಹತ್ತು ಮೀಟರ್ ಆರಿಸಿ, ಮೇಲಿನ ಗೆರೆಗಿಂತ ಎರಡು ಮೀಟರ್ ಹಿಂದೆಯೇ ಬಿಡಬೇಕು. ಐದು ಸಲ ಬಿಟ್ಟು ಸರಾಸರಿ. ತೋಡಿನ ಅಗಲ ಮೂರು ಮೀಟರ್, ಸರಾಸರಿ ಆಳ ಮೂವತ್ತು ಸೆಂಟಿಮೀಟರ್, ಕಿತ್ತಳೆಗೆ ಹಿಡಿದದ್ದು 25 ಸೆಕೆಂಡ್ ಎಂದುಕೊಳ್ಳಿ. ವೇಗ ಸೆಕೆಂಡಿಗೆ 0.4 ಮೀಟರ್, ತಳದ ನೀರು ಮೇಲಿನದಕ್ಕಿಂತ ನಿಧಾನ, ಆದ್ದರಿಂದ ಕಲ್ಲಿನ ತಳವಿದ್ದರೆ 0.8ರಿಂದ ಗುಣಿಸಬೇಕು. ಅದನ್ನು ಅಗಲ, ಆಳದಿಂದ ಗುಣಿಸಿದರೆ ಬರುವುದು ಸೆಕೆಂಡಿಗೆ 288 ಲೀಟರ್, ಎಂದರೆ ಸುಮಾರು ಹತ್ತು ಕ್ಯೂಸೆಕ್ (ಸೆಕೆಂಡಿಗೆ ಹತ್ತು ಘನ ಅಡಿ). 0.8ರ ಗುಣಾಕಾರವನ್ನು ಬಸ್ಸಿನ ಕಾರ್ಯಹಾಳೆಯಲ್ಲಿ ಬಿಟ್ಟಿದ್ದಾರೆ, ಹಾಗಾಗಿ ಎಲ್ಲರ ಲೆಕ್ಕವೂ ಹೆಚ್ಚಾಗಿ ಬರುತ್ತದೆ.

ಹತ್ತು ಕ್ಯೂಸೆಕ್ ಎಂಬ ಉತ್ತರ ಸಿಕ್ಕ ಮೇಲೆ ಪೇಪರಿನಲ್ಲಿ ಬರುವ ಅಂಕಿಗಳು ಮೊದಲ ಸಲ ಅರ್ಥವಾಗುತ್ತವೆ. ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಎಂದರೆ ಸುಮಾರು 2,832 ಕೋಟಿ ಲೀಟರ್. ಆ ತೋಡೊಂದೇ ಹರಿದು ಒಂದು ಟಿಎಂಸಿ ತುಂಬಿಸಲು ಮೂರು ವರ್ಷದ ಮೇಲೆ ಬೇಕು. ಹಾರಂಗಿ ಜಲಾಶಯ ಎಂಟೂವರೆ ಟಿಎಂಸಿಯದು. ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಕರ್ನಾಟಕಕ್ಕೆ ಕೊಟ್ಟ ಪಾಲು 284.75 ಟಿಎಂಸಿ, ತಮಿಳುನಾಡಿಗೆ 404.25. ಹತ್ತನೇ ತರಗತಿಯವರು ಕಾವೇರಿ ಜಗಳದ ಬಗ್ಗೆ ಕೇಳಿಯೇ ಕೇಳುತ್ತಾರೆ, ಬೋಧಕರು ಜಾರಿಕೊಳ್ಳುತ್ತಾರೆ. ಅಂಕಿಗಳನ್ನಷ್ಟೇ ಹೇಳಿದ್ದರೂ ಸಾಕಿತ್ತು.

ಕಲ್ಲಿನಡಿಯ ಹುಳುಗಳು ತೋಡಿನ ಆರೋಗ್ಯ ಹೇಳುತ್ತವೆ. ಹರಿವಿಗೆ ಅಡ್ಡವಾಗಿ ಬಲೆ ಹಿಡಿದು, ಅದರ ಮೇಲ್ಗಡೆ ನಿಂತು ಕಾಲಲ್ಲಿ ಕಲ್ಲು ಕದಡಬೇಕು. ಬಲೆಯದ್ದನ್ನು ಬಿಳಿ ತಟ್ಟೆಗೆ ಸುರಿದು ಒಂದು ನಿಮಿಷ ಅಲುಗಾಡದೆ ನೋಡಿದರೆ, ಕಸವೆಂದುಕೊಂಡದ್ದು ನಡೆಯತೊಡಗುತ್ತದೆ. ಹಿಂದೆ ಮೂರು ಎಳೆ ಬಾಲ, ಹೊಟ್ಟೆಯ ಪಕ್ಕ ಪಟಪಟ ಬಡಿಯುವ ಕಿವಿರು ಇದ್ದರೆ ಮೇಫ್ಲೈ ಮರಿ. ಎರಡೇ ಬಾಲವಿದ್ದು ಹೊಟ್ಟೆಯ ಪಕ್ಕ ಕಿವಿರಿಲ್ಲದಿದ್ದರೆ ಬಹುತೇಕ ಸ್ಟೋನ್‌ಫ್ಲೈ. ಮರಳಿನ ಕಾಳು ಅಂಟಿಸಿ ಕಟ್ಟಿದ ಕೊಳವೆ ತೆವಳುತ್ತಿದ್ದರೆ ಒಳಗಿರುವುದು ಕ್ಯಾಡಿಸ್‌ಫ್ಲೈ. ಈ ಮೂರೂ ಸಿಕ್ಕರೆ ನೀರು ಚೆನ್ನಾಗಿದೆ. ಕೆಂಪು ಎಳೆಯಂಥ ಹುಳುಗಳೇ ತುಂಬಿದ್ದರೆ ಮೇಲ್ಗಡೆ ಏನೋ ಸೇರುತ್ತಿದೆ. ಹಾಡಿಯಿಂದ (ಬುಡಕಟ್ಟು ಜನರ ಕೇರಿಯಿಂದ) ಬರುವ ಮಕ್ಕಳಿಗೆ ಯಾವ ಕಲ್ಲಿನಡಿ ಏಡಿ, ಯಾವ ಮಡುವಿನಲ್ಲಿ ಯಾವ ಮೀನು ಎಂದು ಬೋಧಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾರ್ಯಹಾಳೆಯಲ್ಲಿ ಅದನ್ನು ಬರೆಯಲು ಒಂದು ಖಾನೆಯೂ ಇಲ್ಲ.

ಇಳಿಯುವ ಮುನ್ನ ಮಾಡಬೇಕಾದ್ದಿದೆ. ತೋಡು ಹರಿಯುವುದು ಹೆಚ್ಚಾಗಿ ಯಾರದೋ ತೋಟದೊಳಗೆ. ಮಾಲೀಕರನ್ನು ಕೇಳಿ, ತೋಟದ ರೈಟರಿಗೂ (ಗುಮಾಸ್ತರಿಗೂ) ಹಿಂದಿನ ದಿನವೇ ಫೋನ್ ಮಾಡಿ; ಆನೆ ಬೀಡುಬಿಟ್ಟಿದೆಯೇ ಎಂಬುದು ಅವರಿಗೇ ಮೊದಲು ತಿಳಿಯುವುದು. ಮೊಣಕಾಲಿಗಿಂತ ಹೆಚ್ಚು ನೀರಿದ್ದರೆ ಇಳಿಸಬೇಡಿ. ಗುಡ್ಡದ ಮೇಲೆ ಮೋಡ ಕಟ್ಟಿದ್ದರೆ, ನೀರು ಒಮ್ಮೆಲೇ ಕೆಂಪಾದರೆ, ಬಲೆ ಬಿಟ್ಟು ಮೇಲೆ ಬನ್ನಿ. ಹಾರಂಗಿ ಅಣೆಕಟ್ಟಿನ ಕೆಳಗಿನ ಹೊಳೆ ಈ ಪಾಠಕ್ಕೆ ಬೇಡವೇ ಬೇಡ, ಗೇಟು ತೆರೆದರೆ ಓಡಲು ಸಮಯವಿರದು. ಜಿಗಣೆಗೆ ಉಪ್ಪಿನ ಗಂಟು ಸಾಕು.

ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ತೋಡಿನಲ್ಲಿ ನೀರಿರುತ್ತದೆ, ರಭಸ ಇರುವುದಿಲ್ಲ. ಏಪ್ರಿಲ್‌ನಲ್ಲಿ ಶಾಲೆಯೂ ಇಲ್ಲ, ಎಷ್ಟೋ ತೋಡುಗಳಲ್ಲಿ ನೀರೂ ಇಲ್ಲ. ಕಡಿದಾದ ತಿರುವಿನ ತೋಟದ ರಸ್ತೆಗೆ ಈ ಬಸ್ಸು ಹೊರಳುವುದಿಲ್ಲ, ಅಂಥ ಶಾಲೆಗಳು ಮಕ್ಕಳನ್ನೇ ಮುಖ್ಯರಸ್ತೆಯ ಶಾಲೆಗೆ ಕರೆತರಬೇಕಾಗುತ್ತದೆ.

ಅದೂ ಆಗದಿದ್ದರೆ ಹೊಳೆ ಮೇಜನ್ನು ಶಾಲೆಯಲ್ಲೇ ಮಾಡಿಕೊಳ್ಳಬಹುದು. ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಅಡಿಗೆ ಎರಡು ಅಡಿ, ನಾಲ್ಕು ಇಂಚು ಎತ್ತರದ ತಗಡಿನ ತಟ್ಟೆ ಮಾಡಿಸಿ, ಒಂದು ತುದಿಯಲ್ಲಿ ಮುಕ್ಕಾಲು ಇಂಚಿನ ತೂತು ಹಾಕಿಸಿ. ಎರಡು ಇಂಚು ದಪ್ಪಕ್ಕೆ ಅರುವತ್ತು ಕಿಲೊ ಮರಳು ಬೇಕು. ಎಂ-ಸ್ಯಾಂಡ್ ಆಗಬಹುದು, ಆದರೆ ಬಕೆಟ್‌ನಲ್ಲಿ ತಿಳಿನೀರು ಬರುವವರೆಗೆ ತೊಳೆಯದಿದ್ದರೆ ಅದರ ಪುಡಿ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ, ಪಂಪೂ ಕಟ್ಟಿಕೊಳ್ಳುತ್ತದೆ. ಪಂಪಿಗೆ ಏರ್ ಕೂಲರಿನದು ಸಾಕು. ಅದು ಕರೆಂಟಿನಲ್ಲಿ ಓಡುವುದರಿಂದ ಪ್ಲಗ್ಗು ನೀರಿನಿಂದ ದೂರವಿರಲಿ, ಸ್ವಿಚ್ಚು ಶಿಕ್ಷಕರ ಕೈಯಲ್ಲಿರಲಿ. ಪಂಪನ್ನು ಬಕೆಟ್‌ನ ತಳಕ್ಕೆ ಬಿಡದೆ ಇಟ್ಟಿಗೆಯ ಮೇಲೆ ಕೂರಿಸಿ, ಬಾಯಿಗೆ ಹಳೆಯ ನೈಲಾನ್ ಕಾಲುಚೀಲ ಕಟ್ಟಿದರೆ ಮರಳು ಒಳಗೆ ಹೋಗುವುದಿಲ್ಲ. ಹರಿವು ತಗ್ಗಿಸಲು ಕೊಳವೆಗೊಂದು ನಲ್ಲಿ ಕೂರಿಸಿ. ನೀರು ಬೀಳುವ ಜಾಗದಲ್ಲಿ ಅಂಗೈಯಗಲದ ಚಪ್ಪಟೆ ಕಲ್ಲು ಇಟ್ಟರೆ ಅಲ್ಲಿ ಗುಂಡಿ ಬೀಳುವುದಿಲ್ಲ.